ನಡುವೆ ಬಾಯಿ ಹಾಕಬಾರದು

ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವನು ಫೋನಿನಲ್ಲಿ ಪಾಠ ಕೇಳುತ್ತಿದ್ದ. ಪಾಠ ಹೇಳುವವನ ದನಿಯನ್ನು ಒಂದೂವರೆಪಟ್ಟು ವೇಗಕ್ಕೆ ಏರಿಸಿದ್ದರಿಂದ, ಆ ಮನುಷ್ಯ ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬರುತ್ತಿರುವವನ ಹಾಗೆ ಮಾತಾಡುತ್ತಿದ್ದ. ವೆಬ್ ಪುಟಗಳನ್ನು ಕಟ್ಟುವ ಹೊಸ ಪದ್ಧತಿಯೊಂದು ಬಂದಿತ್ತು. ಹೋದ ವರ್ಷದ ಹೊಸತು ಇನ್ನೂ ಕೈಗೆ ಹತ್ತುವ ಮೊದಲೇ ಇದು ಬಂದು ಅದನ್ನು ಹಳತು ಮಾಡಿಬಿಟ್ಟಿತ್ತು. ಆಫೀಸಿನ ಹುಡುಗರು ಇದರ ಹೆಸರನ್ನು ಪಕ್ಕದ ಮನೆಯವರ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ತಲೆಯಾಡಿಸುವ ವಿದ್ಯೆಯೊಂದರಲ್ಲಿ ತಾನು ಯಾರಿಗೂ ಹಿಂದೆ ಬಿದ್ದಿಲ್ಲ ಎಂದು ಈಚೆಗೆ ಅವನಿಗೆ ಅನ್ನಿಸತೊಡಗಿತ್ತು. ಮನೆಯಲ್ಲಿ ಮೇಜಿನ ಡ್ರಾಯರು ಎಳೆದರೆ ಒಂದು ಮೌತ್ ಆರ್ಗನ್ ಉರುಳಿಕೊಂಡು ಮುಂದೆ ಬರುತ್ತಿತ್ತು, ಒಂದೇ ಒಂದು ಧಾಟಿಯ ಅರ್ಧದವರೆಗೆ ಕಲಿತು ಬಿಟ್ಟದ್ದು. ಅದರ ಹಿಂದೆ ಬಣ್ಣದ ಪೆಟ್ಟಿಗೆ. ಅದರಲ್ಲಿ ನೀಲಿ ಮಾತ್ರ ಸವೆದಿತ್ತು. ಆಕಾಶ ಬಳಿದು ಮುಗಿಸುವಷ್ಟರಲ್ಲಿ ಬೇಸರ ಬಂದು, ಅವನು ನೆಲಕ್ಕೆ ಇಳಿದೇ ಇರಲಿಲ್ಲ. 'ಆರಂಭಶೂರ' ಎಂದು ಅಣ್ಣ ನಗುತ್ತಿದ್ದ. ಅಣ್ಣ ನಕ್ಕಾಗ ಅತ್ತಿಗೆ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಯನ್ನು ತನ್ನ ಪಕ್ಷವೆಂದು ಅವನು ಬಹಳ ಕಾಲ ನಂಬಿಕೊಂಡಿದ್ದ. ಬಸ್ಸು ನಿಂತಾಗ ಪಾಠ ಎಲ್ಲಿಗೆ ಬಂದಿದೆಯೆಂದು ತಿಳಿಯದೆ ಹಿಂದಕ್ಕೆ ಸರಿಸಿದ. ಹಿಂದೆಯೂ ತಿಳಿಯಲಿಲ್ಲ.

ಇವತ್ತು ಪರೀಕ್ಷೆಯಿತ್ತು. ಪರೀಕ್ಷೆ ಅವನಿಗಲ್ಲ, ಅವನು ಕಟ್ಟಿದ ಪುಟಕ್ಕೆ. ದೊಡ್ಡವರಿಗೆಂದೇ ನಡೆಯುವ ಸಂಜೆ ಶಾಲೆಯೊಂದು, ಲೆಕ್ಕಪತ್ರದಿಂದ ಹಿಡಿದು ಈಜಿನವರೆಗೆ ಏನನ್ನಾದರೂ ಕಲಿಸುವ ಶಾಲೆ, ಮನೆಯಲ್ಲಿ ಕೂತೇ ತರಗತಿಗೆ ಸೇರಿಕೊಳ್ಳುವಂಥ ಪುಟವೊಂದನ್ನು ಕೇಳಿತ್ತು. ಆ ಪುಟಕ್ಕೆ ಅವನು ತಿಂಗಳುಗಟ್ಟಲೆ ಕೂತಿದ್ದ. ಮುಂದಿನ ವಾರ ಅದು ಜನರಿಗೆ ತೆರೆಯಬೇಕು. ಅದಕ್ಕೆ ಮೊದಲು ಪುಟವನ್ನು ಎಂದೂ ನೋಡದ ನಾಲ್ಕಾರು ಜನರನ್ನು ಕರೆಸಿ, ಒಬ್ಬೊಬ್ಬರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿ, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವುದು. ಇಂಥದಕ್ಕೆಂದೇ ಬಾಡಿಗೆಗೆ ಸಿಗುವ ಜೋಡಿ ಕೋಣೆಗಳಿದ್ದವು. ಒಂದರಲ್ಲಿ ಬಂದವರು ಮತ್ತು ಪರೀಕ್ಷೆ ನಡೆಸುವ ಹುಡುಗಿ. ಗೋಡೆಯ ಈಚೆ ಇನ್ನೊಂದರಲ್ಲಿ ಮ್ಯಾನೇಜರು, ಡಿಸೈನರು, ಅವನು, ಒಂದು ತಟ್ಟೆ ಬಿಸ್ಕತ್ತು. ಗೋಡೆಯ ಮೇಲಿನ ಪರದೆಯಲ್ಲಿ ಅಲ್ಲಿಯವರ ಕೈ ಕಾಣುತ್ತಿತ್ತು, ಕೈ ಓಡುತ್ತಿದ್ದ ಪುಟ ಕಾಣುತ್ತಿತ್ತು, ಮೂಲೆಯಲ್ಲಿ ಚಿಕ್ಕದಾಗಿ ಮುಖ. ನಿಯಮ ಒಂದೇ: ಬಂದವರು ಎಷ್ಟೇ ಪರದಾಡಲಿ, ಯಾರೂ ನಡುವೆ ಬಾಯಿ ಹಾಕಬಾರದು. "ಅದರಲ್ಲೂ ಮಾಡಿದವರು," ಎಂದು ಹುಡುಗಿ ಒಳಗೆ ಹೋಗುವ ಮುಂಚೆ ಅವನ ಕಡೆ ಬೆರಳು ತೋರಿಸಿ ನಕ್ಕಿದ್ದಳು. "ಹೆತ್ತವರಿಗೆ ತಡೆಯೋಕಾಗಲ್ಲ."

ಮೊದಲು ಬಂದ ಕಾಲೇಜು ಹುಡುಗ ಬಿಸ್ಕತ್ತು ಮುಗಿಯುವಷ್ಟರಲ್ಲಿ ಸೇರಿಕೊಂಡು ಎದ್ದುಹೋದ. ಆಮೇಲೆ ಬಂದ ನರ್ಸು ಒಂದು ಕಡೆ ತಡವರಿಸಿ, ಅಲ್ಲೇ ಸಾವರಿಸಿಕೊಂಡಳು. ಮ್ಯಾನೇಜರು ಅವನ ಬೆನ್ನು ತಟ್ಟಿದ. ಆ ತಟ್ಟು ಬೆನ್ನಿನಿಂದ ಎದೆಗೆ ಇಳಿದು ಅಲ್ಲಿ ಬೆಚ್ಚಗೆ ಕೂತಿತು. ಇಷ್ಟು ಸಣ್ಣದಕ್ಕೆ ಇಷ್ಟು ಹಿಗ್ಗುವುದೇ ಎಂದು ಅವನಿಗೆ ತನ್ನ ಮೇಲೇ ಸ್ವಲ್ಪ ನಾಚಿಕೆಯಾಯಿತು. ಮೂರನೆಯವರು ಬಂದು ಕೂತಾಗ ಅವನು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ತಿರುಗಿದರೆ ಪರದೆಯ ತುಂಬ ಒಂದು ಕೈ. ಮೌಸಿನ ಮೇಲೆ, ಹಿಡಿದರೆ ಎಲ್ಲಿ ಹಾರಿಹೋಗುತ್ತದೋ ಎಂಬಂತೆ, ಮೆಲ್ಲಗೆ ಇಟ್ಟಿದ್ದ ಬಲಗೈ. ಪಕ್ಕದಲ್ಲಿ ಸುಮ್ಮನೆ ಮಲಗಿದ್ದ ಎಡಗೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ದಡಗಳ ಹಾಗೆ ಬೆಳೆದಿತ್ತು.

ಆ ಉಗುರು ಸೀಳಿದ್ದು ಅವನ ಕಣ್ಣೆದುರಿಗೇ. ಅವನು ಓದುವ ಮೇಜಿನ ಕಾಲು ಅಲ್ಲಾಡುತ್ತಿತ್ತು. ಅಣ್ಣ ಭಾನುವಾರ, ಭಾನುವಾರ ಎನ್ನುತ್ತ ಎಷ್ಟೋ ಭಾನುವಾರ ಕಳೆದಿದ್ದ. ಅತ್ತಿಗೆ ಒಂದು ಮಧ್ಯಾಹ್ನ ಮೇಜನ್ನು ಅಂಗಾತ ಮಲಗಿಸಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಹಿಡಿದಿದ್ದಳು. ಏಟು ಬಿದ್ದಾಗ ಅವಳು ಕೂಗಲಿಲ್ಲ. ಬಾಯಲ್ಲಿ ಮೊಳೆಗಳಿದ್ದವಲ್ಲ. ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟು, ಆಮೇಲೆ ಬೆರಳನ್ನು ನೀರಿಗೆ ಅದ್ದಿದಳು. ಅವನು ಏಳನೇ ಕ್ಲಾಸಿನಲ್ಲಿದ್ದ. ಅಮ್ಮ ತೀರಿಕೊಂಡ ಮನೆಗೆ ಸೊಸೆಯಾಗಿ ಬಂದವಳು ಬಂದ ದಿನದಿಂದಲೇ ಅವನಿಗೆ ತಲೆ ಬಾಚಿದ್ದಳು. ಶೂ ದಾರ ಕಟ್ಟಲು ಕಲಿಸಿದ್ದೂ ಅವಳೇ. ಶಾಲೆಗೆ ಹೊತ್ತಾಗುತ್ತಿದ್ದರೂ ತಾನು ಕಟ್ಟುತ್ತಿರಲಿಲ್ಲ. ಮುಂದೆ ಕುಕ್ಕರಗಾಲಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಕಟ್ಟಿಹಾಕಿದಂತೆ ಇಟ್ಟುಕೊಂಡು, ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಈಗ ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ಅದೇ ಮುಖ, ಕನ್ನಡಕದ ಹಿಂದೆ ಅದೇ ನೋಟ. ಅವನ ಕೈಯ ಕಾಫಿ ಲೋಟದ ಆಚೆ ಹರಿಯಿತು.

"ಅಯ್ಯೋ, ಆಂಟಿ ಎಷ್ಟು ಮುದ್ದಾಗಿದಾರೆ ಅಲ್ವಾ?" ಎಂದಳು ಡಿಸೈನರು. ಗ್ರಂಥಾಲಯದಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಹೇಳಿಕೊಡುವ ತರಗತಿಯಿದೆಯಂತೆ, ಅಲ್ಲಿಂದ ಕಳಿಸಿದ್ದಾರೆ ಎಂದು ಮ್ಯಾನೇಜರು ಹಾಳೆ ನೋಡಿ ಹೇಳಿದ. ಹೇಳಬಹುದಾಗಿದ್ದ ಹೊತ್ತು ಅದೇ. ಅವರು ನಮ್ಮ ಅತ್ತಿಗೆ ಎನ್ನಲು ನಾಲಿಗೆ ಒಂದು ಸಲ ಹೊರಳಿದರೆ ಸಾಕಾಗಿತ್ತು. ಆದರೆ 'ಮುದ್ದಾಗಿದಾರೆ' ಎಂಬ ಮಾತು ಕೋಣೆಯಲ್ಲಿ ಇನ್ನೂ ತೇಲುತ್ತಿತ್ತು, ಡಿಸೈನರ ಮುಖದಲ್ಲಿ ನಗು ಇತ್ತು, ಆ ನಗುವಿನ ಜೊತೆ ಸೇರಿಕೊಳ್ಳುವುದು ಸುಲಭವಾಗಿತ್ತು. ಅವನು ನಕ್ಕ. ನಗು ಗಂಟಲಿನಿಂದಲೇ ಬಂದು ಹೋಯಿತು, ಅವನನ್ನು ಕೇಳಲಿಲ್ಲ. ಅವಳು ಕಂಪ್ಯೂಟರ್ ತರಗತಿಗೆ ಹೋಗುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂಬುದು ಮಾತ್ರ ಗೊತ್ತಿತ್ತು.

"ನಿಮಗೆ ಯಾವ ತರಗತಿ ಇಷ್ಟಾನೋ ಅದಕ್ಕೆ ಸೇರ್ಕೊಳ್ಳಿ," ಎಂದು ಹುಡುಗಿ ಒಳಗೆ ಹೇಳುತ್ತಿದ್ದಳು. "ಮನಸ್ಸಿಗೆ ಬಂದಿದ್ದನ್ನ ಜೋರಾಗಿ ಹೇಳ್ತಾ ಹೋಗಿ. ಪರೀಕ್ಷೆ ಪುಟಕ್ಕೆ, ನಿಮಗಲ್ಲ."

"ಹಾಗಂತ ಎಲ್ಲರೂ ಹೇಳ್ತಾರೆ," ಎಂದಳು ಅತ್ತಿಗೆ.

ಪುಟದ ಮೇಲ್ಭಾಗದಲ್ಲಿ ನಾಲ್ಕು ಜನ ನಗುತ್ತಿರುವ ದೊಡ್ಡ ಫೋಟೋ. ಅತ್ತಿಗೆ ಮೊದಲು ಅದನ್ನು ಒತ್ತಿದಳು. ಇನ್ನೊಮ್ಮೆ ಒತ್ತಿದಳು. "ಇವರು ಬರೀ ನಗ್ತಾರೆ, ಏನೂ ಮಾಡ್ತಿಲ್ಲ." ತರಗತಿಗಳ ಪಟ್ಟಿ ಮೂಲೆಯಲ್ಲಿದ್ದ ಮೂರು ಅಡ್ಡಗೆರೆಗಳ ಕೆಳಗೆ ಅಡಗಿತ್ತು. ಅದನ್ನು ಒತ್ತಬೇಕೆಂದು ಜಗತ್ತಿಗೆಲ್ಲ ಗೊತ್ತು ಎಂದು ಅವನು ಡಿಸೈನರ ಜೊತೆ ವಾದಿಸಿ ಗೆದ್ದಿದ್ದ. ಅತ್ತಿಗೆಯ ಬಾಣದ ಗುರುತು ಪುಟದ ತುಂಬ ಅಲೆಯಿತು, ಮೂರು ಗೆರೆಯ ಹತ್ತಿರ ಬಂತು, ಅವನು ಕುರ್ಚಿಯ ತುದಿಗೆ ಬಂದ, ಗುರುತು ದಾಟಿಹೋಯಿತು. "ತರಗತಿಗಳು ಎಲ್ಲಿವೆ?" ಎಂದಳು. ಹುಡುಗಿ ತನಗೆ ಕಲಿಸಿದ್ದಂತೆ, "ಎಲ್ಲಿರಬಹುದು ಅಂದ್ಕೋತೀರ?" ಎಂದಳು. "ಗೊತ್ತಿದ್ರೆ ನಿಮ್ಮನ್ನ ಯಾಕಮ್ಮಾ ಕೇಳ್ತಿದ್ದೆ?" ಈಚೆ ಕೋಣೆಯಲ್ಲಿ ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಂಥೋರಿಗೇ ಅಂತ ಬೇರೆ ಒಂದು ದಪ್ಪಕ್ಷರದ ಪುಟ ಮಾಡ್ಬೇಕು ಕಣ್ರೀ."

ಇಂಥೋರು. ಎರಡು ವರ್ಷದ ಹಿಂದೆ ಅಣ್ಣನ ಮನೆಗೆ ಅವನು ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದ. ಊಟಕ್ಕೆ ಹೋದಾಗೆಲ್ಲ ಅತ್ತಿಗೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. "ನಿಧಾನಕ್ಕೆ ತೋರ್ಸು ಮರಿ." ಅವನು ತೋರಿಸುತ್ತಿದ್ದ, ಅವಳು ತಪ್ಪು ಕಡೆ ಒತ್ತುತ್ತಿದ್ದಳು, ಅವನು ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ತೋರಿಸುತ್ತಿದ್ದ, ಕೊನೆಗೆ "ಕೊಡಿ ಇಲ್ಲಿ, ನಾನೇ ಮಾಡ್ತೀನಿ" ಎಂದು ಅವಳ ಕೈ ಕೆಳಗಿನಿಂದ ಮೌಸನ್ನು ಎಳೆದುಕೊಳ್ಳುತ್ತಿದ್ದ. ಒಂದು ಸಲ, ಅದೂ ಅಣ್ಣನ ಸ್ನೇಹಿತರ ಎದುರಿಗೆ, "ಅತ್ತಿಗೆ, ಇದೆಲ್ಲ ನಿಮಗೆ ಬೇಡ ಬಿಡಿ" ಎಂದಿದ್ದ. ಬೈಗುಳವಲ್ಲ, ತಮಾಷೆಯೂ ಅಲ್ಲ. ಅವತ್ತು ಅವನಿಗೆ ಆಫೀಸಿನಲ್ಲಿ ಏನೋ ಅರ್ಥವಾಗಿರಲಿಲ್ಲ, ಅರ್ಥವಾಗಿಲ್ಲವೆಂದು ಹೇಳುವ ಧೈರ್ಯ ಬಂದಿರಲಿಲ್ಲ, ಆ ಸಿಟ್ಟು ಇಲ್ಲಿ ಬಂದು ಸುರಿದಿತ್ತು. ಆಮೇಲೆ ಅವಳು ಕೇಳಲಿಲ್ಲ. ಸದ್ಯ, ತಪ್ಪಿತು ಎಂದು ಅವನು ನಿರಾಳವಾಗಿದ್ದ.

"ಈ ಮೂರು ಗೆರೆ ಅಲಂಕಾರ ಇರ್ಬೇಕು," ಎನ್ನುತ್ತ ಅತ್ತಿಗೆ ಅದನ್ನೂ ಒತ್ತಿ ನೋಡಿದಳು. ಪಟ್ಟಿ ಬಿಚ್ಚಿಕೊಂಡಿತು. "ಓ! ಇಲ್ಲಿ ಬಚ್ಚಿಟ್ಟಿದಾರೆ." ಡಿಸೈನರು ಹೊಲಿಗೆ ಎಂದಳು, ಮ್ಯಾನೇಜರು ಅಡುಗೆ ಎಂದ, ಅವಳು ಯಾವುದನ್ನು ಆರಿಸುತ್ತಾಳೆ ಎಂದು ಇಬ್ಬರಿಗೂ ಬಾಜಿ. ಅವನೂ ಮನಸ್ಸಿನಲ್ಲಿ ಹೊಲಿಗೆ ಎಂದೇ ಅಂದುಕೊಂಡಿದ್ದ. ಬಾಣದ ಗುರುತು ಅಡುಗೆಯನ್ನು ದಾಟಿತು, ಹೊಲಿಗೆಯನ್ನು ದಾಟಿತು, ಎಲ್ಲೂ ನಿಲ್ಲದೆ ಕೆಳಗೆ ಕೆಳಗೆ ಇಳಿದು 'ಮರಗೆಲಸ: ಆರಂಭದ ಹಂತ' ಎಂಬಲ್ಲಿ ನಿಂತಿತು. "ಇದೆ," ಎಂದಳು ಅತ್ತಿಗೆ, ಯಾರಿಗೂ ಅಲ್ಲ. "ಇದೆಯಲ್ಲ!"

"ಮರಗೆಲಸ ಯಾಕೆ ಅಮ್ಮಾ?" ಎಂದಳು ಹುಡುಗಿ. ಅದು ಅವಳು ಕೇಳಬೇಕಾದ ಪ್ರಶ್ನೆಗಳಲ್ಲಿ ಇರಲಿಲ್ಲ.

"ಮನೇಲಿ ಬಾಗಿಲು, ಕುರ್ಚಿ, ಎಲ್ಲಾ ನಾನೇ ಬಡೀತಿದ್ದೆ. ಬಡಿಯೋದು ಗೊತ್ತು, ಕೂಡಿಸೋದು ಗೊತ್ತಿಲ್ಲ. ಮೊಳೇನೇ ಇಲ್ದೆ ಎರಡು ಮರ ಒಂದಕ್ಕೊಂದು ಕಚ್ಕೊಂಡು ಕೂರತ್ತಂತೆ. ಅದು ಹೇಗೆ ಅಂತ ನೋಡ್ಬೇಕು, ಸಾಯೋದ್ರೊಳಗೆ."

ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಅವಳು ಬಡಿಸಿದ್ದನ್ನು ಉಂಡು, ಅವಳಿಗೆ ಇಂಥದೊಂದು ಆಸೆಯಿದೆ ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಹುಟ್ಟುಹಬ್ಬಕ್ಕೆಂದು ಅವನು ಕೊಡುತ್ತ ಬಂದದ್ದೆಲ್ಲ ಅಡುಗೆಮನೆಯ ಸಾಮಾನು. ಅವನು ಬಾಗಿ ಪರದೆಗೆ ಇನ್ನಷ್ಟು ಹತ್ತಿರವಾದ. ಅತ್ತಿಗೆ ಅರ್ಜಿ ತುಂಬುತ್ತಿದ್ದಳು. ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹುಟ್ಟಿದ ವರ್ಷ ಆರಿಸುವ ಪಟ್ಟಿ ಈ ವರ್ಷದಿಂದ ಶುರುವಾಗಿ ಹಿಂದೆ ಹಿಂದೆ ಹೋಗುತ್ತಿತ್ತು. "ಎಷ್ಟು ದೂರ ಹೋಗ್ಬೇಕಪ್ಪಾ ನಾನು," ಎನ್ನುತ್ತ ಅವಳು ಉರುಳಿಸಿದಳು, ಉರುಳಿಸಿದಳು, "ಇಲ್ಲಿ ಮರಿ ಹುಟ್ಟಿದ," ಎಂದು ಒಂದು ವರ್ಷದ ಮೇಲೆ ಅರೆಗಳಿಗೆ ತಡೆದು ಇನ್ನೂ ಹಿಂದಕ್ಕೆ ಹೋದಳು. ಅದು ಯಾರೆಂದು ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಅವನ ಕಿವಿ ಸುಡುತ್ತಿತ್ತು. ಆಮೇಲೆ ಬಂತು ಉದ್ಯೋಗ. ವಿದ್ಯಾರ್ಥಿ, ಉದ್ಯೋಗಿ, ಸ್ವಂತ ಉದ್ಯೋಗ, ನಿರುದ್ಯೋಗಿ, ನಿವೃತ್ತ. ಬೇರೆ ಯಾವುದೋ ಸಾಲದ ಅರ್ಜಿಗೆಂದು ಹಿಂದೆ ಬರೆದದ್ದನ್ನು ಅವನು ಒಂದು ಮಧ್ಯಾಹ್ನ ಆಕಳಿಸುತ್ತ ಇಲ್ಲಿಗೆ ತಂದು ಅಂಟಿಸಿದ್ದ.

ಅತ್ತಿಗೆ ಒಂದೊಂದನ್ನೂ ಓದಿದಳು. "ನಿವೃತ್ತ... ನನಗೆ ಯಾರು ನಿವೃತ್ತಿ ಕೊಟ್ರು? ನಿರುದ್ಯೋಗಿ..." ಆ ಮಾತಿನ ಮೇಲೆ ಬಾಣ ಬಹಳ ಹೊತ್ತು ನಿಂತಿತು. "ಬೆಳಿಗ್ಗೆಯಿಂದ ಕೂತಿದ್ದೇ ಈಗ. ನಾನು ಯಾವುದು ಹೇಳಮ್ಮಾ ಇದರಲ್ಲಿ?" ಹುಡುಗಿ ಏನೂ ಹೇಳುವಂತಿರಲಿಲ್ಲ. ಅತ್ತಿಗೆ ಅದನ್ನು ಖಾಲಿ ಬಿಟ್ಟು ಕೆಳಗಿನ ಬಟನ್ ಒತ್ತಿದಳು. ಕೆಂಪಕ್ಷರ ಎದ್ದು ಬಂತು: 'ಈ ಮಾಹಿತಿ ಕಡ್ಡಾಯ.' ಅವನದೇ ವಾಕ್ಯ. ಮ್ಯಾನೇಜರು ಈಗ ನಗುತ್ತಿರಲಿಲ್ಲ. ಅತ್ತಿಗೆ ಗಾಬರಿಯಾಗಿ ಹಿಂದಕ್ಕೆ ಹೋಗುವ ಬಾಣ ಒತ್ತಿದಳು. ಪುಟ ಒಮ್ಮೆ ಬಿಳಿಚಿಕೊಂಡು, ನಗುವ ನಾಲ್ಕು ಜನ ಮತ್ತೆ ಬಂದು ನಿಂತರು. "ಎಲ್ಲಾ ಹೋಯ್ತಾ?" ಎಂದಳು. ಕನ್ನಡಕ ತೆಗೆದು ಒರೆಸಿದಳು. "ನಂದೇ ತಪ್ಪು. ನಂಗೆ ತಲೆ ಓಡಲ್ಲ ಬಿಡಿ. ನಮ್ಮ ಮೈದುನನೂ ಇದೇ ಕೆಲಸದಲ್ಲಿರೋದು, ಅವನು ಹೇಳ್ತಿರ್ತಾನೆ."

"ಏನು ಹೇಳ್ತಾರೆ?"

ಅತ್ತಿಗೆ ಕನ್ನಡಕ ಹಾಕಿಕೊಂಡಳು. "ಏನಿಲ್ಲ. ಅವನು ಜಾಣ. ಜಾಣರಿಗೆ ಪುರುಸೊತ್ತು ಕಮ್ಮಿ."

ಅವನು ಎದ್ದ. "ಎಲ್ಲಿಗೆ? ಒಳಗೆ ಹೋಗೋ ಹಾಗಿಲ್ಲ," ಎಂದ ಮ್ಯಾನೇಜರು. ನೀರು ಕುಡಿದು ಬರುತ್ತೇನೆಂದು ಹೇಳಿ ಹೊರಗೆ ಬಂದ. ಓಣಿಯಂಥ ಉದ್ದ ಹಾದಿ, ಬೂದು ನೆಲಹಾಸು, ಪಕ್ಕದ ಕೋಣೆಯ ಬಾಗಿಲು, ಅದರ ತಣ್ಣನೆಯ ಹಿಡಿ ಅವನ ಕೈಯಲ್ಲಿ. ಒಳಗೆ ಹೋಗಿ, ಅತ್ತಿಗೆ, ತಪ್ಪು ನಿಮ್ಮದಲ್ಲ, ನನ್ನದು, ಈ ಕಡೆ ಬನ್ನಿ, ಎಂದು ಹೇಳಿ ಅರೆನಿಮಿಷದಲ್ಲಿ ಎಲ್ಲ ತುಂಬಿ ಕೊಟ್ಟುಬಿಡಬಹುದು. ಅವಳು ಹಗುರಾಗುತ್ತಾಳೆ, ತಾನೂ ಹಗುರಾಗುತ್ತೇನೆ. ಹಾಗೆ ಅಂದುಕೊಳ್ಳುತ್ತಿದ್ದಂತೆಯೇ ತನ್ನ ಕೈ ಅವಳ ಕೈ ಕೆಳಗಿನಿಂದ ಮೌಸನ್ನು ಎಳೆದುಕೊಳ್ಳುವುದು ಅವನಿಗೆ ಕಂಡಿತು. ಈ ಸಲ ಕರುಣೆಯಿಂದ ಅಷ್ಟೇ, ಕೈ ಅದೇ. ಅವನು ಹಿಡಿಯನ್ನು ತಿರುಗಿಸಲಿಲ್ಲ, ಬಿಡಲೂ ಇಲ್ಲ. ಮುಖ ತೊಳೆದ ನೀರು ಆರುವ ಹಾಗೆ ಅವಮಾನ ಮೆಲ್ಲಮೆಲ್ಲಗೆ ಆರುತ್ತ, ಅದರ ಕೆಳಗಿದ್ದ ಚರ್ಮ ತಣ್ಣಗಾಗುತ್ತ ಬಂದದ್ದು ಅವನಿಗೆ ಗೊತ್ತಾಯಿತು. ಬಾಗಿಲಿನ ಆಚೆ ಕುರ್ಚಿ ಮುಂದಕ್ಕೆ ಎಳೆದ ಸದ್ದು.

"ಇರ್ಲಿ, ಇನ್ನೊಂದ್ಸಲ ಮಾಡ್ತೀನಿ," ಎಂದು ಅತ್ತಿಗೆಯ ದನಿ. "ಈಗ ದಾರಿ ಗೊತ್ತಾಯ್ತಲ್ಲ."

ಅವನು ಅಲ್ಲಿಯೇ ನಿಂತ. ಕೀಲಿಮಣೆಯ ಬಿಡಿಬಿಡಿ ಸದ್ದು, ನಡುನಡುವೆ ಅವಳ ಗೊಣಗು. ಆಮೇಲೆ ಸದ್ದು ನಿಂತಿತು. ಉದ್ಯೋಗಕ್ಕೆ ಬಂದಿರಬೇಕು. "ವಿದ್ಯಾರ್ಥಿ," ಎಂದಳು ಅತ್ತಿಗೆ, ಕೊನೆಗೆ. "ಹಾಕ್ತೀನಿ ಅತ್ಲಾಗೆ. ಕಲಿಯೋಕೆ ತಾನೇ ಬಂದಿರೋದು?" ಸ್ವಲ್ಪ ಹೊತ್ತಿಗೆ ಚಪ್ಪಾಳೆ ಕೇಳಿಸಿತು. ಒಬ್ಬಳದೇ ಚಪ್ಪಾಳೆ; ಹುಡುಗಿ ತನ್ನ ನಿಯಮವನ್ನು ತಾನೇ ಮುರಿದಿದ್ದಳು.

ಕೋಣೆಗೆ ಬಂದು, ಕೂರದೆಯೇ, "ಅವರು ನಮ್ಮ ಅತ್ತಿಗೆ," ಎಂದ. ಡಿಸೈನರ ಕೈಯ ಬಿಸ್ಕತ್ತು ಬಾಯಿಗೆ ಹೋಗದೆ ನಿಂತಿತು. "ಮೊದಲೇ ಹೇಳ್ಬಾರ್ದಾ ಸರ್?" ಎಂದಳು, ಸಣ್ಣ ದನಿಯಲ್ಲಿ. "ಹೇಳ್ಬೇಕಿತ್ತು," ಎಂದ. ಆಮೇಲೆ, "ಅಲ್ಲ, ಬಡಗಿ ಕೆಲಸ ಕಲಿಯೋಕೆ ಬಂದೋರ ಉದ್ಯೋಗ ನಮಗ್ಯಾಕೆ?" ಎಂದು ಕೇಳಿದ. ಮ್ಯಾನೇಜರು ಡಿಸೈನರ ಮುಖ ನೋಡಿದ. ಡಿಸೈನರು, ಶಾಲೆಯವರು ಕೇಳಿರಬೇಕು ಎಂದಳು. ಶಾಲೆಯವರಿಗೆ ಫೋನು ಮಾಡಿದರೆ, ಅಯ್ಯೋ, ಅದು ನಿಮ್ಮ ಕಡೆಯಿಂದಲೇ ಬಂದಿದ್ದು, ಏನೋ ಕಾನೂನು ಇರಬೇಕು ಅಂದ್ಕೊಂಡ್ವಿ ಎಂದರು. "ನಾನೇ ಹಾಕಿದ್ದು," ಎಂದ ಅವನು. "ಯಾಕೆ ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ." ಗೊತ್ತಿಲ್ಲ ಎಂಬ ಮಾತನ್ನು ಈ ಜನರ ಎದುರು ಅವನು ಆಡಿದ್ದು ಅದೇ ಮೊದಲು. ಏನೂ ಆಗಲಿಲ್ಲ. ಮ್ಯಾನೇಜರು ಮಿಕ್ಕ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆ ತಳ್ಳಿದ. ಧೈರ್ಯ ಬಂದು ಅವನು, ಹೊಸ ಪದ್ಧತಿಯ ಬಗ್ಗೆ ನೀವೆಲ್ಲ ಮಾತಾಡುವುದರಲ್ಲಿ ತನಗೆ ಅರ್ಧ ತಿಳಿಯುವುದಿಲ್ಲ, ಯಾರಾದರೂ ಕೂತು ಹೇಳಿಕೊಡಿ ಎಂದೂ ಅಂದ. "ಅರ್ಧ ತಿಳಿಯತ್ತಾ? ನಂಗೆ ಕಾಲುಭಾಗಾನೂ ಇಲ್ಲ ಸರ್," ಎಂದಳು ಡಿಸೈನರು.

ಲಿಫ್ಟಿನ ಮುಂದೆ ಅತ್ತಿಗೆ ನಿಂತಿದ್ದಳು, ಬಂದವರಿಗೆ ಕೊಡುವ ಬಟ್ಟೆಚೀಲವನ್ನು ಎದೆಗೆ ಅವಚಿಕೊಂಡು. ಅವನನ್ನು ಕಂಡು, ಕದ್ದು ಸಿಕ್ಕಿಬಿದ್ದವಳ ಹಾಗೆ ಬೆಚ್ಚಿದಳು. "ಅಯ್ಯೋ, ನೀನೇನೋ ಇಲ್ಲಿ!"

"ಆ ಪುಟ ನಾನು ಮಾಡಿದ್ದು ಅತ್ತಿಗೆ."

"ಯಾವುದು? ಅದಾ?" ಅವಳು ಏನು ಹೇಳುವುದೆಂದು ಹುಡುಕಿದಳು. "ಬಣ್ಣ ಚೆನ್ನಾಗಿದೆ ಕಣೋ."

ಅವನಿಗೆ ನಗು ಬಂತು. ಈ ಸಲದ ನಗು ಹೊಟ್ಟೆಯಿಂದ ಬಂತು. ಅವಳೂ ನಕ್ಕಳು, ಆಮೇಲೆ ತಟ್ಟನೆ ನಿಲ್ಲಿಸಿ, "ನೋಡ್ತಿದ್ಯಾ, ನಾನು ಒದ್ದಾಡಿದ್ದನ್ನ?" ಎಂದಳು.

"ನೋಡ್ತಿದ್ದೆ."

"ಬಂದು ಒಂದು ಮಾತು ಹೇಳ್ಬಾರ್ದಿತ್ತಾ?"

"ನಡುವೆ ಬಾಯಿ ಹಾಕಬಾರದು ಅಂತ ನಿಯಮ."

ಅತ್ತಿಗೆ ಅದನ್ನು ಬಾಯಲ್ಲಿಟ್ಟು ರುಚಿ ನೋಡುವಂತೆ ತಾನೂ ಒಮ್ಮೆ ಹೇಳಿಕೊಂಡಳು. "ಒಳ್ಳೇ ನಿಯಮ," ಎಂದಳು. "ಮನೆಗೂ ತಗೊಂಡು ಬಾ."

ಅವನು ತಲೆ ತಗ್ಗಿಸಿದ. ಕ್ಷಮಿಸಿ ಎಂದರೆ ನಾಟಕದ ಮಾತಾಗುತ್ತದೆ. ಅವಳ ಎದುರು ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ. "ನಾನು ಹಾಗೆ ಅನ್ಬಾರ್ದಿತ್ತು ಅತ್ತಿಗೆ, ಅವತ್ತು, ಎಲ್ಲರ ಮುಂದೆ," ಎಂದ. ಯಾವತ್ತು ಎಂದು ಅವಳು ಕೇಳಲಿಲ್ಲ. ಚೀಲವನ್ನು ಇನ್ನೊಂದು ತೋಳಿಗೆ ಬದಲಿಸಿ, "ಸಿಟ್ಟು ಬಂದಿತ್ತು ಕಣೋ," ಎಂದಳು. "ಆ ಸಿಟ್ಟಲ್ಲೇ ಗ್ರಂಥಾಲಯಕ್ಕೆ ಹೋಗಿದ್ದು. ನಿಮ್ಮಣ್ಣಂಗೂ ಹೇಳಿಲ್ಲ, ಕಲಿತ ಮೇಲೆ ಹೇಳೋಣ ಅಂತ. ಸರಿ, ತರಗತಿ ಯಾವತ್ತಿಂದ? ಸೇರಿದ್ದು ಆಯ್ತಲ್ಲ, ಉಳಿ, ಗರಗಸ, ಹತಾರ ಎಲ್ಲ ನಾವೇ ತರ್ಬೇಕಾ?"

ಇದನ್ನು ಯಾರೂ ಯೋಚಿಸಿರಲಿಲ್ಲ. "ಅತ್ತಿಗೆ, ಇವತ್ತು ಮಾಡಿದ್ದು ನಿಜವಾದ ಪುಟ ಅಲ್ಲ. ಬರೀ ಪರೀಕ್ಷೆಗೆ. ನಿಜವಾದ್ದು ಮುಂದಿನ ವಾರ ತೆರೀತೀವಿ."

ಅವಳ ಮುಖ ಬಾಡಿತು. "ಹಾಗಾದ್ರೆ ನಾನು ಸೇರ್ಲಿಲ್ವಾ?"

"ಇನ್ನೂ ಇಲ್ಲ."

"ಮತ್ತೆ ಅಷ್ಟೂ ಮಾಡ್ಬೇಕಾ?" ಎಂದವಳು, ಲಿಫ್ಟು ಬಂದು ಬಾಗಿಲು ತೆರೆದಾಗ ಒಳಗೆ ಕಾಲಿಟ್ಟು ತಿರುಗಿ, "ಮಾಡ್ತೀನಿ. ಆದ್ರೆ ಆ ಗೆರೆ ತೆಗೆದು 'ತರಗತಿಗಳು' ಅಂತ ಬರಿ. ಅಕ್ಷರ ಅಂತ ಯಾಕಿರೋದು?" ಎಂದಳು.

ಆ ವಾರ ಅವನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಅಳಿಸುತ್ತ ಹೋದಂತೆ ಪುಟ ಕಿಟಕಿ ತೆರೆದ ಕೋಣೆಯ ಹಾಗೆ ಬೆಳಕಾಗುತ್ತ ಹೋಯಿತು. ಹಿಂದಕ್ಕೆ ಹೋದರೆ ತುಂಬಿದ್ದು ಉಳಿಯುವಂತೆ ಮಾಡುವುದು ಮಾತ್ರ ಹಳೆಯ ಪದ್ಧತಿಯಲ್ಲಿ ತೊಡಕಾಗಿತ್ತು. ಆಫೀಸಿನ ಹುಡುಗನೊಬ್ಬ ಪಕ್ಕದಲ್ಲಿ ಕೂತು ಹೊಸ ಪದ್ಧತಿಯಲ್ಲಿ ಅದನ್ನು ತೋರಿಸಿಕೊಟ್ಟ. ಎರಡನೇ ಸಲ ಕೇಳಿದಾಗ ಬೇಸರಪಡಲಿಲ್ಲ, ಮೂರನೇ ಸಲ ಕೇಳಿದಾಗ ಹುಡುಗನಿಗೇ ಅಲ್ಲಿ ಒಂದು ತಪ್ಪು ಕಂಡು, ಇಬ್ಬರೂ ಸೇರಿ ಸರಿಮಾಡಿದರು. ಪುಟ ತೆರೆದ ದಿನ ಅಣ್ಣನ ಫೋನು ಬಂತು. "ಏನೋ ಇದು, ನಿಮ್ಮತ್ತಿಗೆ ಬಡಗಿ ಆಗ್ತಾಳಂತಲ್ಲೋ! ನಮ್ಮನೆ ಕುರ್ಚಿ ಕಾಲುಗಳ ಗತಿ ಏನೋ?" ಹಿಂದಿನಿಂದ ಅತ್ತಿಗೆ ಏನೋ ಅಂದದ್ದು ಕೇಳಿಸಿತು. ಅಣ್ಣನ ದನಿ ಸಣ್ಣಗಾಯಿತು. "ಅವಳೇ ಮಾಡಿದ್ಲು ಕಣೋ, ಎಲ್ಲಾ ಒಬ್ಬಳೇ. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಮಾತಾಡ್ಬಾರ್ದಂತೆ."

ತರಗತಿ ಶುರುವಾದ ಶನಿವಾರ ಅವನು ಕೆಲಸ ಮುಗಿಸಿ ಅತ್ತಿಗೆಯನ್ನು ಕರೆತರಲು ಸಂಜೆ ಶಾಲೆಯ ಹಿಂದಿನ ಶೆಡ್ಡಿಗೆ ಹೋದ. ಒಳಗೆ ಗರಗಸಗಳ ಸದ್ದು, ಹಸಿ ಮರದ ವಾಸನೆ, ಇಳಿಬಿಸಿಲಿನಲ್ಲಿ ತೇಲುವ ಹೊಟ್ಟು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಂಚಿನ ಮುಂದೆ ನಿಂತಿದ್ದಳು. ಅವನನ್ನು ನೋಡಿ ಎರಡು ಮರದ ತುಂಡುಗಳನ್ನು ಎತ್ತಿ ಹಿಡಿದು, ಒಂದರ ಹಲ್ಲುಗಳನ್ನು ಇನ್ನೊಂದರ ಸಂದಿಗೆ ಸೇರಿಸಿ ತೋರಿಸಿದಳು. ಸೇರಲಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದು. "ನೋಡು, ಹೇಗೆ ಹಲ್ಲು ಕಿರಿಯುತ್ತೆ," ಎಂದು ಅವಳು ಗಟ್ಟಿಯಾಗಿ ನಕ್ಕಳು. ಅಷ್ಟು ಗಟ್ಟಿಯಾಗಿ ಅವಳು ಮನೆಯಲ್ಲಿ ನಕ್ಕದ್ದು ಅವನಿಗೆ ನೆನಪಿರಲಿಲ್ಲ. ಕೂದಲ ಮೇಲೆಲ್ಲ ಹೊಟ್ಟು ಕೂತಿತ್ತು. ಇನ್ನು ಹೊರಡೋಣವೇ ಎಂದು ಕೇಳಬೇಕೆಂದಿದ್ದವನು ಕೇಳದೆ, ಗೋಡೆಯ ಪಕ್ಕ ಪೇರಿಸಿದ್ದ ಹಲಗೆಗಳ ಮೇಲೆ ಕೂತ. ಅತ್ತಿಗೆ ಆಗಲೇ ಅತ್ತ ತಿರುಗಿದ್ದಳು.

"ಮೇಷ್ಟ್ರೇ," ಎಂದು ಗರಗಸದ ಸದ್ದಿಗೂ ಮೇಲೆ ಕೂಗಿದಳು, "ಇನ್ನೊಂದು ತುಂಡು ಮರ ಕೊಡಿ."